ಬಿದ್ದ ಕಲ್ಲು ಬಿದ್ದಲ್ಲೇ ಇರಲಿ

ಉರುಳಿದ ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಬದುವಿನ ಕಲ್ಲು ಜಾರಿದ್ದರೆ ಎತ್ತಿ ಮೇಲಿಟ್ಟು ಮುಂದೆ ಹೋಗುವುದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ವೇಲ್ಸಿನ ವಾಯವ್ಯ ಮೂಲೆಯಲ್ಲಿ, ಐರಿಷ್ ಸಮುದ್ರಕ್ಕೆ ತೋಳು ಚಾಚಿದಂತಿರುವ ಲೀನ್ ಪರ್ಯಾಯದ್ವೀಪದ ಒಂದು ಬೆಟ್ಟದ ಮೇಲೆ ಅದೇ ಒಳ್ಳೆಯ ಅಭ್ಯಾಸ ಅಪರಾಧವಾಗುತ್ತದೆ. ಬೆಟ್ಟದ ಹೆಸರು ತ್ರೇರ್ ಕೈರಿ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಕೋಟೆ. ಬ್ರಿಟನ್ನಿನ ಕಬ್ಬಿಣ ಯುಗದ ಊರೊಂದು ಇಷ್ಟು ಎತ್ತರಕ್ಕೆ, ಇಷ್ಟು ಪೂರ್ತಿಯಾಗಿ ನಿಂತಿರುವ ಜಾಗಗಳು ಬಹಳ ಕಡಿಮೆ.

ವೆಲ್ಷ್ ಭಾಷೆಯಲ್ಲಿ ‘ತ್ರೆ’ ಎಂದರೆ ಊರು, ‘ಕೈರಿ’ ಎಂದರೆ ದೈತ್ಯರು. ಇಂಥ ಗೋಡೆಯನ್ನು ಮನುಷ್ಯರು ಕಟ್ಟಿರಲಾರರು ಅಂತ ಜನಕ್ಕೆ ಅನ್ನಿಸಿದ್ದರಿಂದ ಬಂದ ಹೆಸರು. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಕೊಪ್ಪಳದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಮೋರೇರ ಮನೆ ಅನ್ನುತ್ತಾರೆ, ಮೋರೇರು ಅಂದರೆ ಕುಳ್ಳರು ಎಂಬ ನಂಬಿಕೆ. ಗಿಡ್ಡ ಕಲ್ಲುಕೋಣೆ ಕಂಡವರು ಕುಳ್ಳರನ್ನು ಊಹಿಸಿದರು, ಎತ್ತರದ ಗೋಡೆ ಕಂಡವರು ದೈತ್ಯರನ್ನು. ಎರಡೂ ಕಡೆ ಜನ ಕಲ್ಲಿನ ಅಳತೆಯಿಂದಲೇ ಆಳಿನ ಅಳತೆ ತೆಗೆದಿದ್ದಾರೆ.

ಅರ್ ಐವಲ್ ಎಂಬ ಮೂರು ಶಿಖರಗಳ ಸಾಲಿದೆ. ಇಂಗ್ಲಿಷರ ಬಾಯಲ್ಲಿ ಅದು ‘ರೈವಲ್ಸ್’ ಆಗಿಹೋಯಿತು. ಪೈಪೋಟಿಗೂ ಆ ಹೆಸರಿಗೂ ಸಂಬಂಧವಿಲ್ಲ, ಉಚ್ಚಾರ ತಪ್ಪಿದ್ದು ಅಷ್ಟೆ. ನಡುವಿನ ಶಿಖರ ಸುಮಾರು 564 ಮೀಟರ್. ಸಮುದ್ರದ ಕಡೆಯದರ ಮೈಯನ್ನು ಟ್ರೆವರ್ ಗ್ರಾನೈಟ್ ಕ್ವಾರಿ ಕಡಿದು ಮೆಟ್ಟಿಲಾಗಿಸಿದೆ. ಮಂಜುಗಡ್ಡೆಯ ಮೇಲೆ ಜಾರಿಸಿ ಆಡುವ ಕರ್ಲಿಂಗ್ ಆಟದ ಕಲ್ಲುಗಳನ್ನು ಮಾಡುವುದು ಈ ಗ್ರಾನೈಟಿನಿಂದಲೂ ಹೌದು. ಪೂರ್ವದ ಮೂರನೇ ಶಿಖರ, ಸುಮಾರು 485 ಮೀಟರ್ ಎತ್ತರದ್ದು, ತ್ರೇರ್ ಕೈರಿ.

ನೆತ್ತಿಯ ಮೇಲೆ ಉದ್ದನೆಯ ಮೊಟ್ಟೆಯಾಕಾರದ ಸುತ್ತುಗೋಡೆ. ಉದ್ದ ಸುಮಾರು 290 ಮೀಟರ್, ಅಗಲ ಸುಮಾರು 100. ಶತ್ರು ಸುಲಭವಾಗಿ ಏರಬಹುದಾದ ವಾಯವ್ಯದ ಕಡೆ ಮಾತ್ರ ಹೊರಗೆ ಇನ್ನೊಂದು ಗೋಡೆ. ಒಳಗೆ ನೂರೈವತ್ತರಷ್ಟು ಕಲ್ಲುಗುಡಿಸಲುಗಳ ತಳಪಾಯ. ಹೆಬ್ಬಾಗಿಲು ಎರಡು, ಒಬ್ಬರೇ ನುಸುಳುವಷ್ಟು ಕಿರಿದಾದ ದಿಡ್ಡಿಬಾಗಿಲು ಮೂರು. ಉತ್ತರದ ದಿಡ್ಡಿಬಾಗಿಲಿನ ಮೇಲೆ ಅಡ್ಡ ಹಾಸಿದ ತೊಲೆಗಲ್ಲು ಇವತ್ತಿಗೂ ಹಾಗೇ ಕೂತಿದೆ. ಚಿತ್ರದುರ್ಗದ ಕಿಂಡಿಗಳನ್ನು ನೋಡಿದವರಿಗೆ ಇದರ ಉಪಾಯ ವಿವರಿಸಬೇಕಿಲ್ಲ.

ಗೋಡೆಯನ್ನು ಹತ್ತಿರದಿಂದ ನೋಡಬೇಕು. ಗಾರೆ ಇಲ್ಲ, ಮಣ್ಣೂ ಇಲ್ಲ. ಎದುರುಬದುರು ಎರಡು ಮುಖ, ನಡುವೆ ತುಂಬಿದ ಸಣ್ಣಕಲ್ಲು. ಮುಖಕ್ಕೆ ಹಾಕಿದ ಕಲ್ಲಿನ ಚಪ್ಪಟೆ ತುದಿ ಹೊರಗಿದ್ದರೆ ಬಾಲ ಒಳಗಿನ ತುಂಬುಗಲ್ಲಿನೊಳಗೆ ಹೋಗಿರುತ್ತದೆ. ಉದ್ದ ಕಲ್ಲನ್ನು ಗೋಡೆಯ ಉದ್ದಕ್ಕೆ ಮಲಗಿಸಿದರೆ ನೋಡಲು ಚೆಂದ, ಬೇಗ ಮುಗಿಯುತ್ತದೆ, ಆದರೆ ಎರಡು ಮಳೆಗಾಲಕ್ಕೆ ಹೊಟ್ಟೆ ಬರುತ್ತದೆ. ಅಡ್ಡಡ್ಡ ಒಳಗೆ ತೂರಿಸಿದ್ದರೆ ಮೇಲಿನ ಭಾರವೇ ಅದನ್ನು ಹಿಡಿದುಕೊಳ್ಳುತ್ತದೆ. ಒಂದು ಸಾಲಿನ ಸಂದು ಕೆಳಸಾಲಿನ ಸಂದಿನ ಮೇಲೆ ಬರಕೂಡದು, ಎರಡು ಕಲ್ಲಿನ ಮೇಲೆ ಒಂದು ಕಲ್ಲು ಕೂರಬೇಕು. ಅಲುಗಾಡುವ ಕಲ್ಲಿಗೆ ಹಿಂದಿನಿಂದ ಚಕ್ಕೆ ಕೊಡಬೇಕೇ ಹೊರತು ಮುಂದಿನಿಂದಲ್ಲ, ಮುಂದೆ ಕೊಟ್ಟ ಚಕ್ಕೆ ಇಬ್ಬನಿ ಹೆಪ್ಪುಗಟ್ಟಿ ಕರಗುವ ಒಂದೆರಡು ಚಳಿಗಾಲದಲ್ಲಿ ಉದುರಿಹೋಗುತ್ತದೆ. ಇದೆಲ್ಲ ಇವತ್ತಿನ ಕಲ್ಲುಕಟ್ಟುವವರಿಗೂ ಗೊತ್ತಿರುವ ನಿಯಮ. ಎರಡು ಸಾವಿರ ವರ್ಷದ ಕೆಳಗೆ ಕಟ್ಟಿದವರಿಗೂ ಗೊತ್ತಿತ್ತು ಎಂಬುದಕ್ಕೆ ಕೆಲವೆಡೆ ಈಗಲೂ ಮೂರೂವರೆ ಮೀಟರ್ ಮೇಲೆ ನಿಂತಿರುವ ಗೋಡೆಯೇ ಸಾಕ್ಷಿ.

ಗೋಡೆಯ ತಲೆಯ ಮೇಲೆ ಕಾವಲಿನವರು ನಡೆಯಲು ದಾರಿ ಬಿಟ್ಟಿದ್ದಾರೆ. ಹೊರಗಡೆಗೆ ಎದೆಮಟ್ಟದ ಮರೆಗೋಡೆ, ಒಳಗಿನಿಂದ ಹತ್ತಲು ಅಲ್ಲಲ್ಲಿ ಇಳಿಜಾರು. ಬ್ರಿಟನ್ನಿನ ನೂರಾರು ಬೆಟ್ಟಗೋಟೆಗಳಲ್ಲಿ ಈ ಭಾಗ ಎಂದೋ ನೆಲ ಕಂಡಿದೆ, ಉಳಿದಿರುವುದು ಹುಲ್ಲು ಬೆಳೆದ ದಿಬ್ಬ ಮಾತ್ರ. ಇಲ್ಲಿ ಅದು ಉಳಿಯಲು ಕಾರಣ ವೀರಗಾಥೆಯೇನಲ್ಲ. ಈ ಎತ್ತರದಲ್ಲಿ ಯಾರೂ ನೇಗಿಲು ಹೂಡಲಿಲ್ಲ, ಕಲ್ಲು ಬೇಕಾದವರಿಗೆ ಕೆಳಗೇ ಬೇಕಾದಷ್ಟು ಸಿಕ್ಕಿತು. ಕಟ್ಟಿದವರೂ ಕ್ವಾರಿ ತೋಡಲಿಲ್ಲ. ಹಿಮ ಒಡೆದ ಚಪ್ಪಡಿಗಳು ಇಳಿಜಾರಿನ ತುಂಬ ಬಿದ್ದಿದ್ದವು, ಕೈ ಚಾಚಿದಲ್ಲೆಲ್ಲ ಗೋಡೆಯ ಸಾಮಾನು. ಇದೇ ಅನುಕೂಲ ಈಗ ತೊಂದರೆ. ಪ್ರಕೃತಿ ಒಡೆದ ಕಲ್ಲಿಗೂ ಗೋಡೆಯಿಂದ ಬಿದ್ದ ಕಲ್ಲಿಗೂ ಬಣ್ಣ ಒಂದೇ, ಗಾತ್ರ ಒಂದೇ. ಹೇಗೆ ಬಿದ್ದಿದೆ ಎಂಬುದನ್ನು ಬಿಟ್ಟರೆ ಗುರುತಿಸಲು ಬೇರೆ ಆಧಾರವಿಲ್ಲ.

ಒಳಗಿನ ಗುಡಿಸಲುಗಳನ್ನು ಓದುವ ರೀತಿ ಇನ್ನೂ ಸ್ವಾರಸ್ಯದ್ದು. ದೊಡ್ಡ ದುಂಡುಮನೆಗಳು ಏಳೆಂಟು ಮೀಟರ್ ಅಡ್ಡಳತೆಯವು. ಅವುಗಳ ಪಕ್ಕದಲ್ಲೇ, ಒಮ್ಮೊಮ್ಮೆ ಒಳಗೇ, ಅರ್ಧಚಂದ್ರದಂಥವು, ಚೌಕವಾದವು, ಮೂರು ಮೀಟರ್ ಸಹ ಇಲ್ಲದ ಗೂಡುಗಳು. ಯಾವುದು ಮೊದಲು, ಯಾವುದು ಆಮೇಲೆ? ಎರಡು ಗೋಡೆ ಸೇರುವ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿ. ಕಲ್ಲುಗಳು ಬೆರಳು ಹೆಣೆದಂತೆ ಒಂದರೊಳಗೊಂದು ಹೊಕ್ಕಿದ್ದರೆ ಎರಡೂ ಗೋಡೆ ಒಂದೇ ಕಾಲದವು. ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಸಂದು ಇಳಿದು, ಒಂದರ ತುದಿ ಇನ್ನೊಂದರ ಮೈಗೆ ಬರೀ ತಾಗಿ ನಿಂತಿದ್ದರೆ, ತಾಗಿದ್ದು ಆಮೇಲೆ ಬಂದದ್ದು. ನಮ್ಮೂರುಗಳ ಹಳೇ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾದ ಮೇಲೆ ನಡುಮನೆಗೆ ಎಬ್ಬಿಸಿದ ಗೋಡೆಯನ್ನು ಗುರುತಿಸುವುದೂ ಹೀಗೇ ತಾನೆ!

1950ರ ದಶಕದಲ್ಲಿ ಪುರಾತತ್ವಜ್ಞ ಎ. ಎಚ್. ಎ. ಹಾಗ್ ಇಂಥ ಸಂದುಗಳನ್ನೂ ಮನೆಗಳ ಆಕಾರವನ್ನೂ ಒಟ್ಟಿಗಿಟ್ಟು ಈ ಊರಿನ ಬೆಳವಣಿಗೆಯನ್ನು ವಿವರಿಸಿದರು. ಮೊದಲಿಗೆ ಇಪ್ಪತ್ತರಷ್ಟು ದೊಡ್ಡ ದುಂಡುಮನೆ. ಆಮೇಲೆ ಒಡೆದು, ಪಾಲಾಗಿ, ಒತ್ತಿ ಕಟ್ಟಿ ನೂರೈವತ್ತು. ನೂರು ಜನರ ಊರು ನಾನೂರಕ್ಕೆ ಏರಿರಬಹುದು ಎಂಬುದು ಚಾಲ್ತಿಯ ಅಂದಾಜು. ಕೋಟೆ ಹುಟ್ಟಿದ್ದು ಕ್ರಿ.ಪೂ. 200ರ ಆಸುಪಾಸು ಅನ್ನುತ್ತಾರೆ, ಆದರೆ ಸಿಕ್ಕ ವಸ್ತುಗಳಲ್ಲಿ ಬಹುಪಾಲು ಕ್ರಿ.ಶ. 150ರಿಂದ 400ರ ನಡುವಿನವು. ಅಂದರೆ ರೋಮನ್ನರ ಕಾಲದ್ದು. ಈ ಪ್ರದೇಶದ ದೊಡ್ಡ ರೋಮನ್ ಠಾಣ್ಯ ಸೆಗೊಂಟಿಯಂ, ಈಗಿನ ಕೈರ್ನಾರ್ವನ್‌ನಲ್ಲಿ, ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಅಷ್ಟು ಹತ್ತಿರ ಸೈನ್ಯ ಇಟ್ಟುಕೊಂಡೂ ಅವರು ಈ ಕೋಟೆಯನ್ನು ಖಾಲಿ ಮಾಡಿಸಲಿಲ್ಲ, ಗೋಡೆ ಕೆಡವಲಿಲ್ಲ. ಜನ ಮೇಲೆಯೇ ಇದ್ದರು, ರೋಮನ್ ಮಡಕೆ ಕೊಂಡರು, ಕಬ್ಬಿಣದ ಹತಾರ ಬಳಸಿದರು, ಕದಿರುಬಿಲ್ಲೆ ಕಟ್ಟಿ ನೂಲು ತೆಗೆದರು. ಗಾಜಿನ ಮಣಿ, ಚಿನ್ನದ ಲೇಪದ ಒಂದು ಸೆರಗುಪಿನ್ನೂ ಸಿಕ್ಕಿವೆ. ಗಾಳಿ ಕಿವಿ ಕಿತ್ತುಹಾಕುವ ಈ ಎತ್ತರದಲ್ಲಿ ವರ್ಷಪೂರ್ತಿ ಇದ್ದರೋ, ಬೇಸಿಗೆಯಲ್ಲಿ ದನಕುರಿ ಏರಿಸಿಕೊಂಡು ಬಂದು ಚಳಿಗೆ ಇಳಿಯುತ್ತಿದ್ದರೋ ಎಂಬ ವಾದ ಹಳೆಯದು. ಹೊರಗಿನ ಇಳಿಜಾರಿನಲ್ಲಿ ದೊಡ್ಡಿಗಳಂಥ ಸಣ್ಣ ಆವರಣಗಳಿರುವುದರಿಂದ ದನಕುರಿಗಳಂತೂ ಇದ್ದವು. ನನ್ನ ಮಟ್ಟಿಗೆ ಹೇಳುವುದಾದರೆ, ನಾಲ್ಕು ತಿಂಗಳ ಹಟ್ಟಿಗೆ ಇಂಥ ಗೋಡೆಯನ್ನು ಯಾರೂ ಕಟ್ಟುವುದಿಲ್ಲ.

ಅಗೆತ ನಡೆದದ್ದು ಬೇಗ, 1903ರಿಂದ 1906ರ ನಡುವೆ. ಬೇರಿಂಗ್-ಗೌಲ್ಡ್, ಬರ್ನಾರ್ಡ್, ಹೆರಾಲ್ಡ್ ಹ್ಯೂಸ್ ಮನೆಗಳ ಒಳಗನ್ನು ತೆರೆದರು. ಪದರ ಪದರವಾಗಿ ಬಿಡಿಸಿ, ಪ್ರತಿ ಪದರಕ್ಕೂ ದಾಖಲೆ ಇಡುವ ಶಿಸ್ತು ಇನ್ನೂ ಬೇರೂರಿರದ ಕಾಲ ಅದು. ಆ ಶಿಸ್ತನ್ನು ಮುಂದೆ ಹಟ ಹಿಡಿದು ಬೆಳೆಸಿದವರಲ್ಲಿ ಮಾರ್ಟಿಮರ್ ವೀಲರ್ ಒಬ್ಬರು. ವೇಲ್ಸಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದ್ದಾಗ ಸೆಗೊಂಟಿಯಂ ಅಗೆದವರು, ಮುಂದೆ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಅಗೆದರು. ಬ್ರಹ್ಮಗಿರಿಯ ಪದರಗಳ ನಕ್ಷೆ ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಅಳತೆಗೋಲಾಯಿತು. ತ್ರೇರ್ ಕೈರಿಗೆ ಆ ಭಾಗ್ಯ ಸಿಗಲಿಲ್ಲ. ಹಾಗಾಗಿ ಇನ್ನೂ ತೆರೆಯದ ನೆಲ ಎಷ್ಟಿದೆಯೋ ಅಷ್ಟೂ ಬೆಲೆಬಾಳುವಂಥದ್ದು.

ಈ ಊರು ಹಾಳಾಗುವ ಬಗೆ ಹೇಗೆ? ನೂರು ಜನ ಗೋಡೆಯ ಮೇಲೆ ನಡೆಯುತ್ತಾರೆ ಅಂತಿಟ್ಟುಕೊಳ್ಳಿ, ಯಾರೂ ಕೆಡವಬೇಕೆಂದು ಬಂದವರಲ್ಲ. ಮೇಲುಸಾಲಿನ ಒಂದು ಕಲ್ಲು ಬೂಟಿನಡಿ ಅಲುಗುತ್ತದೆ. ಇನ್ನೊಬ್ಬರ ಕಾಲಿಗೆ ಸಿಕ್ಕಿ ಹೊರಗೆ ಉರುಳುತ್ತದೆ. ಅದು ಒತ್ತಿ ಹಿಡಿದಿದ್ದ ತುಂಬುಗಲ್ಲು ಈಗ ಬಯಲಾಯಿತು. ಸಣ್ಣಕಲ್ಲು ಜಾರಿ ಕೆಳಗಿನ ಸಂದುಗಳಿಗೆ ಇಳಿದು ಆಪು ಹಾಕಿದ ಹಾಗೆ ಕೂರುತ್ತದೆ. ಮಳೆನೀರು ಇಳಿದು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ, ಕರಗಿದಾಗ ಸಣ್ಣಕಲ್ಲು ಇನ್ನೊಂದಿಷ್ಟು ಇಳಿಯುತ್ತದೆ. ಒಳಗಿನ ಒತ್ತಡಕ್ಕೆ ಮುಖ ಹೊಟ್ಟೆ ಬಿಡುತ್ತದೆ. ಆಮೇಲೆ ಒಂದು ಬಿರುಗಾಳಿಯ ರಾತ್ರಿ ಎರಡು ಮೂರು ಮೀಟರ್ ಉದ್ದಕ್ಕೆ ಗೋಡೆ ಮಲಗುತ್ತದೆ. ಕುಸಿತ ಕಂಡದ್ದು ಆ ದಿನ, ಶುರುವಾದದ್ದು ಹತ್ತಿಪ್ಪತ್ತು ವರ್ಷದ ಹಿಂದೆ.

ಇನ್ನೊಂದು ಹಾವಳಿ ಗಾಳಿಮರೆ. ಚಳಿಗೆ ಬುತ್ತಿ ಬಿಚ್ಚಲು ಕೂತವರು ಸುತ್ತಲಿನ ಕಲ್ಲನ್ನೇ ಹೆಕ್ಕಿ ಮೊಣಕಾಲೆತ್ತರದ ಅರೆಗೋಡೆ ಎಬ್ಬಿಸುತ್ತಾರೆ. ಹತ್ತು ನಿಮಿಷದ ಕೆಲಸ. ಆದರೆ ಅದು ಕೂತಿರುವುದು ಯಾವುದೋ ಮನೆಯ ಒಳಗೆ, ತೆಗೆದ ಕಲ್ಲು ಅದೇ ಮನೆಯ ಬಾಗಿಲುವಾಡದ್ದು. ಐವತ್ತು ವರ್ಷ ಕಳೆದು ಕಲ್ಲಿಗೆ ಪಾಚಿ ಹತ್ತಿದ ಮೇಲೆ ಅದನ್ನು ಹಳೆಯದೇ ಎಂದು ನಕ್ಷೆಗೆ ಏರಿಸುವ ಅಪಾಯ ಬೇರೆ.

ಬಿದ್ದ ಕಲ್ಲಿನ ರಾಶಿಯನ್ನು ಕಸ ಅಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗೋಡೆಯ ಬುಡದಲ್ಲಿ ರಾಶಿ ಬಿದ್ದಿರುವುದು ನೋಡಲು ಅಸಹ್ಯ, ನಿಜ. ಆದರೆ ಕೆಳಗಿನ ಮೂರು ನಾಲ್ಕು ಸಾಲುಗಳನ್ನು ಒತ್ತಿ ಹಿಡಿದಿರುವುದು ಅದೇ ರಾಶಿ. ‘ಸ್ವಚ್ಛ’ ಮಾಡಿದರೆ ಬುಡದ ಮುಖ ಬಯಲಾಗಿ, ಆಸರೆ ತಪ್ಪಿ, ನಿಂತಿದ್ದೂ ಬೀಳುತ್ತದೆ. ರಾಶಿಯಡಿ ಮುಚ್ಚಿಹೋದ ಮಣ್ಣಿನ ಪದರವೂ ಹಾಗೆಯೇ. ಗೋಡೆ ಬಿದ್ದದ್ದು ಯಾವಾಗ ಎಂದು ಹೇಳಬಲ್ಲ ಇದ್ದಿಲು, ಮಡಕೆಚೂರು ಇದ್ದರೆ ಅಲ್ಲೇ ಇರಬೇಕು.

1989ರಿಂದ ಸುಮಾರು ಹತ್ತು ವರ್ಷ ಇಲ್ಲಿ ಸಂರಕ್ಷಣೆಯ ಕೆಲಸ ನಡೆಯಿತು. ಇಂಥ ಒಣಗೋಡೆಯ ದುರಸ್ತಿಗೆ ಒಂದು ಕ್ರಮವಿದೆ, ಅದರಲ್ಲಿ ಕಲ್ಲು ಮುಟ್ಟುವುದು ಬಹಳ ತಡವಾಗಿ ಬರುತ್ತದೆ. ಮೊದಲು ಅಳತೆಕೋಲು ಇಟ್ಟು ಫೋಟೊ. ಆಮೇಲೆ ಪ್ರತಿ ಕಲ್ಲೂ ಕಾಣುವಂತೆ ಗೋಡೆಯ ಮುಖದ ನಕ್ಷೆ. ಹಳೆಯ ಫೋಟೊಗಳಿದ್ದರೆ ಹೋಲಿಕೆ, ಏಕೆಂದರೆ ಕಳೆದ ನೂರು ವರ್ಷದಲ್ಲಿ ಬಿದ್ದದ್ದಕ್ಕೂ ಸಾವಿರ ವರ್ಷದ ಹಿಂದೆ ಬಿದ್ದದ್ದಕ್ಕೂ ಉಪಚಾರ ಬೇರೆ. ಹೊಸದಾಗಿ ಜಾರಿದ ಸಡಿಲ ಕಲ್ಲನ್ನಷ್ಟೇ ತೆಗೆದು, ಗಟ್ಟಿಯಾಗಿ ಕೂತ ಹಳೇ ಸಾಲು ಸಿಗುವವರೆಗೆ ಇಳಿಯುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ತೆಗೆದ ಮುಖಗಲ್ಲು ಒಂದು ಕಡೆ, ತುಂಬುಗಲ್ಲು ಇನ್ನೊಂದು ಕಡೆ. ಎರಡು ರಾಶಿ ಬೆರೆತರೆ ಮುಖಗಲ್ಲು ತುಂಬಿಗೆ ಹೋಗಿಬಿಡುತ್ತದೆ, ಕೊನೆಗೆ ಮುಖಕ್ಕೆ ಕಲ್ಲು ಸಾಲುವುದಿಲ್ಲ. ಹಳೆಯದು ಎಲ್ಲಿಗೆ ಮುಗಿದು ಹೊಸದು ಎಲ್ಲಿಂದ ಶುರು ಎಂಬ ಗೆರೆ ಮುಂದೆ ನೋಡುವವರಿಗೆ ಗೊತ್ತಾಗಬೇಕು, ಹಾಗಾಗಿ ಗುರುತು ಬಿಡುವುದು ಕಡ್ಡಾಯ. ಕಟ್ಟುವ ಎತ್ತರ ಪುರಾವೆ ಇರುವಷ್ಟು ಮಾತ್ರ. ಮೂಲದಲ್ಲಿ ನಾಲ್ಕು ಮೀಟರ್ ಇದ್ದಿರಬಹುದು ಎಂಬ ಊಹೆಗೆ ಒಂದು ಕಲ್ಲನ್ನೂ ಖರ್ಚು ಮಾಡುವಂತಿಲ್ಲ. ಸಿಮೆಂಟಂತೂ ಬೇಡವೇ ಬೇಡ. ಒಣಗೋಡೆಯ ಜೀವ ಇರುವುದು ನೀರು ಹರಿದುಹೋಗುವುದರಲ್ಲಿ, ಗಾರೆ ಬಳಿದರೆ ನೀರು ಒಳಗೇ ನಿಂತು ಹೆಪ್ಪುಗಟ್ಟಿ ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಅದೇ ಜಾಗದಿಂದ ಅದೇ ಕೋನದಲ್ಲಿ ಫೋಟೊ, ಆಮೇಲೆ ಆಗಾಗ ಅದೇ ಜಾಗದಿಂದ ಮತ್ತೆ ಮತ್ತೆ. ಗೋಡೆ ಹೊಟ್ಟೆ ಬಿಡುತ್ತಿರುವುದು ಕಣ್ಣಿಗೆ ಗೊತ್ತಾಗುವ ಮೊದಲು ಫೋಟೊಗೆ ಗೊತ್ತಾಗುತ್ತದೆ.

ಇನ್ನು ಕಾನೂನು. ಬ್ರಿಟನ್ನಿನಲ್ಲಿ ಪುರಾತನ ಸ್ಮಾರಕಗಳ ಮೊದಲ ಕಾಯ್ದೆ 1882ರದು. 1979ರ ಕಾಯ್ದೆ ಬಹುಕಾಲ ಆಳಿತು, ಈಗ ವೇಲ್ಸಿಗೆ ತನ್ನದೇ ಐತಿಹಾಸಿಕ ಪರಿಸರ ಕಾಯ್ದೆ ಇದೆ, 2023ರದು, 2024ರ ನವೆಂಬರಿನಲ್ಲಿ ಜಾರಿಗೆ ಬಂತು. ನೋಡಿಕೊಳ್ಳುವ ಸರಕಾರಿ ಸಂಸ್ಥೆಯ ಹೆಸರು ಕ್ಯಾಡು. ವೆಲ್ಷ್‌ನಲ್ಲಿ ಅದಕ್ಕೆ ಕಾಪಾಡು, ಇಟ್ಟುಕೋ ಎಂಬ ಅರ್ಥ. ನಮ್ಮ ‘ಕಾದು’ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಕಿವಿಗೆ ಹತ್ತಿರ ಅಷ್ಟೆ. ಸರಕಾರದ ಸಂರಕ್ಷಿತ ಪಟ್ಟಿಗೆ ಸೇರಿದ ಸ್ಮಾರಕದಲ್ಲಿ ಕೆಡವುವುದು, ತೆಗೆಯುವುದು, ಸೇರಿಸುವುದು, ಮಣ್ಣು ಸುರಿಯುವುದಕ್ಕೆಲ್ಲ ಮೊದಲೇ ಲಿಖಿತ ಒಪ್ಪಿಗೆ ಬೇಕು. ಆ ಸಾಲಿನಲ್ಲಿ ದುರಸ್ತಿಯೂ ಇದೆ. ಕೆಡವಿದವರಷ್ಟೇ ಅಲ್ಲ, ಒಪ್ಪಿಗೆಯಿಲ್ಲದೆ ‘ಸರಿ ಮಾಡಿದವರೂ’ ತಪ್ಪಿತಸ್ಥರು. ಲೋಹಶೋಧಕ ಯಂತ್ರ ಹಿಡಿದು ಹೋಗುವುದೂ ಒಪ್ಪಿಗೆಯಿಲ್ಲದೆ ನಡೆಯದು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಜಮೀನು ಸರಕಾರದ್ದಾಗುವುದಿಲ್ಲ. ಮಾಲೀಕ ಮಾಲೀಕನೇ, ಕುರಿ ಮೇಯುವುದೂ ನಡೆದೇ ಇರುತ್ತದೆ. ಸ್ಮಾರಕ ಇದ್ದ ಕಡೆಗೆಲ್ಲ ಸಾರ್ವಜನಿಕರು ಹೋಗಬಹುದು ಅಂತಲೂ ಅಲ್ಲ. ನಮ್ಮಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಅಂತ ಗೆರೆ ಎಳೆದಿದ್ದಾರಲ್ಲ, ಅಂಥ ಗಟ್ಟಿ ಗೆರೆ ಅಲ್ಲಿಲ್ಲ. ಸುತ್ತಲಿನ ನೋಟಕ್ಕೆ ಧಕ್ಕೆಯಾಗುತ್ತದೋ ಎಂಬುದನ್ನು ಕಟ್ಟಡದ ಪರವಾನಗಿ ಕೊಡುವಾಗ ಒಂದೊಂದಾಗಿ ತೂಗಿ ನೋಡುತ್ತಾರೆ. ನಮ್ಮ ಗೆರೆಯಿಂದ ಜಗಳ ಜಾಸ್ತಿ, ಅವರ ತೂಕದಿಂದ ಕಡತ ಜಾಸ್ತಿ.

ವೇಲ್ಸಿನ ಹೆಚ್ಚಿನ ಹಳೇ ಕೋಟೆಗಳ ಆವರಣಗಳು ಇಷ್ಟು ಸೊಗಸಾಗಿಲ್ಲ. ಹುಲ್ಲಿನ ಕೆಳಗೆ ಅರೆಬರೆ ಕಾಣುವ ಮಣ್ಣಿನ ಏರಿ, ಹೂಳು ತುಂಬಿದ ಕಂದಕ. ಅವುಗಳ ಶತ್ರುಗಳೂ ಬೇರೆ. ಬ್ರ್ಯಾಕನ್ ಎಂಬ ಜರಿಗಿಡದ ಬೇರುಗೆಡ್ಡೆ ನೆಲದಡಿ ಹರಡಿ ಪದರಗಳನ್ನು ಕಲಸಿಬಿಡುತ್ತದೆ. ಕಿತ್ತರೆ ಪದರವೂ ಜೊತೆಗೇ ಬರುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಎರಡು ಸಲ ಕಾಂಡ ಕತ್ತರಿಸುತ್ತ ಮೂರು ನಾಲ್ಕು ವರ್ಷ ಬಿಡದೆ ಬೇರನ್ನು ಸೊರಗಿಸಬೇಕು. ಮುಳ್ಳಿನ ಗೋರ್ಸ್ ಪೊದೆಯನ್ನು ನೆಲಮಟ್ಟಕ್ಕೆ ಕೊಯ್ಯಬೇಕು, ಸುಡುವುದಾದರೆ ಸ್ಮಾರಕದಿಂದ ಆಚೆಗೆ ಒಯ್ದು. ಕುರಿಗಳು ಗಾಳಿಮರೆಗೆ ಏರಿಯ ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಹುಲ್ಲು ಸವೆಸುತ್ತವೆ, ಆಮೇಲೆ ಗಾಯ ಪ್ರತಿ ಮಳೆಗೂ ದೊಡ್ಡದಾಗುತ್ತದೆ. ಮೇವಿನ ತೊಟ್ಟಿಯನ್ನು ಐವತ್ತು ಮೀಟರ್ ಆಚೆ ಸರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಉಳಿದರ್ಧಕ್ಕೆ ಮಣ್ಣು ತುಂಬಿದ ಸೆಣಬಿನ ಚೀಲ ಪೇರಿಸಿ, ಮೇಲೆ ಹುಲ್ಲುಹಾಸು ಮುಚ್ಚಿ, ಹುಲ್ಲು ಬೇರು ಬಿಡುವವರೆಗೆ ತಾತ್ಕಾಲಿಕ ಬೇಲಿ. ಚೀಲ ಅಲ್ಲೇ ಕರಗುತ್ತದೆ. ನೇಗಿಲು ಪೂರ್ತಿ ಅಳಿಸಿಹಾಕಿದ ಆವರಣಗಳೂ ಬರಗಾಲದಲ್ಲಿ ಮತ್ತೆ ಕಾಣುತ್ತವೆ. ಹೂತ ಕಂದಕದ ಮಣ್ಣು ತೇವ ಹಿಡಿದಿಟ್ಟುಕೊಳ್ಳುವುದರಿಂದ ಸುತ್ತಲ ಹೊಲ ಒಣಗಿದರೂ ಅದರ ಮೇಲಿನ ಪೈರು ಹಸಿರು, ಹೂತ ಗೋಡೆಯ ಮೇಲೆ ಅದಕ್ಕೆ ತಿರುಗುಮುರುಗು. 2018ರ ಒಣ ಬೇಸಿಗೆಯಲ್ಲಿ ವೇಲ್ಸಿನ ಮೇಲೆ ಹಾರಿದ ವಿಮಾನಗಳಿಂದ ಇಂಥ ಹಸಿರು ಉಂಗುರಗಳು ಹಲವಾರು ಸಿಕ್ಕವು.

ತ್ರೇರ್ ಕೈರಿಗೆ ಹೋಗುವವರಿಗೆ: ಲನೈಲ್‌ಹೈಅರ್ನ್‌ನಿಂದ ಲಿಥ್‌ವೈನ್ ಕಡೆಗೆ ಹೋಗುವ ಬಿ4417 ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಕಾಲುದಾರಿ ಹಿಡಿಯಬೇಕು. ಬ್ರಿಟನ್ನಿನ ಸರಕಾರಿ ಭೂಪಟವಾದ ಆರ್ಡ್ನೆನ್ಸ್ ಸರ್ವೆ ನಕ್ಷೆಯಲ್ಲಿ ಕೋಟೆಯ ಗುರುತು ಎಸ್‌ಎಚ್ 373 446. ಹತ್ತಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕೊನೆಯ ಭಾಗ ಕಡಿದು ಮತ್ತು ಕಲ್ಲುಮಯ. ಒದ್ದೆ ಗ್ರಾನೈಟ್ ಸೋಪಿನಂತೆ ಜಾರುತ್ತದೆ, ಚಪ್ಪಲಿ ಆಗದು. ಸಮುದ್ರದ ಮೋಡ ಹತ್ತು ನಿಮಿಷದಲ್ಲಿ ಬೆಟ್ಟವನ್ನು ನುಂಗಬಲ್ಲದು, ಆಗ ಗೋಡೆಯ ಸುತ್ತ ತಡಕಾಡದೆ ಹತ್ತಿದ ಬಾಗಿಲಿಂದಲೇ ಇಳಿಯಿರಿ. ಒಳಗೆ ಹೋಗಬೇಕಾದ್ದು ನೈಋತ್ಯದ ಹೆಬ್ಬಾಗಿಲಿನಿಂದ. ಗೋಡೆ ಹತ್ತಿ ದಾಟುವುದು ಹತ್ತಿರದ ದಾರಿಯಂತೆ ಕಂಡೇ ಕಾಣುತ್ತದೆ, ಬೇಡ. ಆಗಸ್ಟಿನಲ್ಲಿ ಹೆದರ್ ಹೂವಿನ ನೇರಳೆ ಬಣ್ಣ ಚೆಂದ, ಆದರೆ ಮನೆಗಳ ತಳಪಾಯ ಸ್ಪಷ್ಟವಾಗಿ ಕಾಣಬೇಕಾದರೆ ಗಿಡ ತಗ್ಗಿರುವ ಮಾರ್ಚ್, ಏಪ್ರಿಲ್, ಅದೂ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು. ತಿರುಗಿ ನೋಡಿದರೆ ಗಾರ್ನ್ ಬೋದಿಯನ್ ಬೆಟ್ಟ ಕಾಣುತ್ತದೆ, ಅಲ್ಲಿಯೂ ನೂರೆಪ್ಪತ್ತರಷ್ಟು ಮನೆಗಳ ಕೋಟೆ, ನೋಡುವವರು ಕಡಿಮೆ.

ಕೋಟೆಯೊಳಗಿನ ಅತಿ ಎತ್ತರದ ಜಾಗದಲ್ಲಿ ಒಂದು ಕಲ್ಲುಗುಪ್ಪೆ ಇದೆ. ಅದು ಕಂಚಿನ ಯುಗದ ಸಮಾಧಿ, ಕೋಟೆಗಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದು. ಸುತ್ತ ನೂರೈವತ್ತು ಮನೆ ಕಟ್ಟಿದವರು, ಪ್ರತಿ ಕಲ್ಲಿಗೂ ಕೈಹಾಕಿದವರು, ಪಕ್ಕದಲ್ಲೇ ರಾಶಿ ಬಿದ್ದಿದ್ದ ಇದನ್ನು ಮುಟ್ಟದೆ ಬಿಟ್ಟರು. ಬೆಟ್ಟ ಹತ್ತಿದವರು ನೆತ್ತಿಯ ಗುಪ್ಪೆಗೆ ಒಂದು ಕಲ್ಲು ಸೇರಿಸಿ ಬರುವ ವಾಡಿಕೆ ಬ್ರಿಟನ್ನಿನಲ್ಲಿ ಬೇರೆಡೆ ಇದೆ. ಇಲ್ಲಿ ಆ ಕಲ್ಲು ಎಲ್ಲಿಂದ ಹೆಕ್ಕಿದರೂ ಯಾರದೋ ಮನೆಯದು.